ಒಬ್ಬನೇ ನುಡಿಸಿದ ವಾದ್ಯಮೇಳ

ಒಬ್ಬ ಮನುಷ್ಯ ಏಕಕಾಲಕ್ಕೆ ಪಿಯಾನೋ, ಆರ್ಗನ್, ಗಿಟಾರ್, ಮ್ಯಾಂಡೊಲಿನ್ ಮತ್ತು ಗಂಟೆಗಳನ್ನು ನುಡಿಸಬಲ್ಲನೇ? 'ಸಾಧ್ಯವೇ ಇಲ್ಲ' ಎನ್ನುತ್ತೀರಿ. ನಿಮ್ಮ ಉತ್ತರ ಸರಿ. ಆದರೂ ಹಾಗೆ ನುಡಿಸಿದಂತೆ ಕೇಳಿಸುವ ಧ್ವನಿಮುದ್ರಿಕೆಗಳು ನಮ್ಮ ನಿಮ್ಮೆಲ್ಲರ ಮನೆಗಳಲ್ಲಿವೆ. ಈ ಕಣ್ಕಟ್ಟು, ಅಲ್ಲ, ಕಿವಿಕಟ್ಟು ಹೇಗೆ ನಡೆಯುತ್ತದೆ? ಧ್ವನಿಮುದ್ರಣದ ಮಾತು ಬಂದಾಗಲೆಲ್ಲ ವೀಕ್ಷಕರು ಕೇಳುವ ಪ್ರಶ್ನೆಯಿದು. ಪರದೆಯ ಮೇಲಿನ ಅರ್ಧ ಗಂಟೆಯ ಮಾತಿನಲ್ಲಿ ಇದಕ್ಕೆ ಪೂರ್ಣ ಉತ್ತರ ಕೊಡುವುದು ಕಷ್ಟ. ಆದ್ದರಿಂದ ಇಲ್ಲಿ ಒಂದು ನಿಜವಾದ ಉದಾಹರಣೆಯನ್ನು ಹಿಡಿದುಕೊಂಡು ಹಂತ ಹಂತವಾಗಿ ನೋಡೋಣ.

ಆ ಉದಾಹರಣೆ, ಇಂಗ್ಲೆಂಡಿನ ಮೈಕ್ ಓಲ್ಡ್‌ಫೀಲ್ಡ್ ಎಂಬ ತರುಣನ ಮೊದಲ ಸ್ವತಂತ್ರ ಆಲ್ಬಮ್ 'ಟ್ಯೂಬ್ಯುಲರ್ ಬೆಲ್ಸ್'. ಅದು ಬಿಡುಗಡೆಯಾದದ್ದು 1973ರ ಮೇ 25ರಂದು. ಓಲ್ಡ್‌ಫೀಲ್ಡ್ ಹುಟ್ಟಿದ್ದು 1953ರ ಮೇ 15ರಂದು. ಅಂದರೆ ಆಗ ಆತನಿಗೆ ಇಪ್ಪತ್ತು ತುಂಬಿ ಹತ್ತು ದಿನಗಳಾಗಿದ್ದವು ಅಷ್ಟೆ. ಹಾಡಿಲ್ಲದ, ಹೆಚ್ಚಿನ ಭಾಗದಲ್ಲಿ ಡ್ರಮ್ ಕೂಡ ಇಲ್ಲದ, ಒಂದೊಂದು ಬದಿಗೆ ಒಂದೇ ರಚನೆಯಿದ್ದ ಆ ತಟ್ಟೆಯಲ್ಲಿನ ಬಹುಪಾಲು ವಾದ್ಯಗಳನ್ನು ನುಡಿಸಿದ್ದು ಆತನೊಬ್ಬನೇ.

ಅಳಿಸದಿದ್ದರೆ ಏನಾಗುತ್ತದೆ?

ಮೊದಲು ಟೇಪ್ ರೆಕಾರ್ಡರಿನ ಒಳಗೆ ಇಣುಕೋಣ. ನಿಮ್ಮ ಅಟ್ಟದಲ್ಲಿ ಹಳೆಯದೊಂದು ರೆಕಾರ್ಡರ್ ಇದ್ದರೆ ಅದರ ಮುಚ್ಚಳ ತೆರೆದು ನೋಡಿ. ಧ್ವನಿಸುರುಳಿಯ ಪಟ್ಟಿ ಸಾಗುವ ದಾರಿಯಲ್ಲಿ 'ಹೆಡ್' ಎಂದು ಕರೆಯುವ ಪುಟ್ಟ ಭಾಗಗಳು ಕಾಣುತ್ತವೆ. ಮುದ್ರಿಸುವಾಗ ಪಟ್ಟಿಯು ಮೊದಲು ಅಳಿಸುವ ಹೆಡ್ಡಿನ ಮುಂದೆ ಹಾದುಹೋಗುತ್ತದೆ. ಅದು ಹಳೆಯದನ್ನೆಲ್ಲ ಒರೆಸಿಹಾಕುತ್ತದೆ, ಸ್ಲೇಟನ್ನು ಒದ್ದೆ ಬಟ್ಟೆಯಿಂದ ಒರೆಸಿದ ಹಾಗೆ. ಆನಂತರ ಬರೆಯುವ ಹೆಡ್ ಬರುತ್ತದೆ. ಮೈಕಿನಿಂದ ಬಂದ ವಿದ್ಯುತ್ ಸಂಕೇತಕ್ಕೆ ಅನುಗುಣವಾಗಿ ಅದು ಪಟ್ಟಿಯ ಮೇಲಿನ ಕಬ್ಬಿಣದ ಆಕ್ಸೈಡ್ ಕಣಗಳನ್ನು ಕಾಂತೀಯಗೊಳಿಸುತ್ತದೆ. ಆ ಕಣಗಳ ವಿನ್ಯಾಸವೇ ಧ್ವನಿಯ ಬರಹ.

1971ರಲ್ಲಿ ಓಲ್ಡ್‌ಫೀಲ್ಡ್ ಲಂಡನ್ನಿನ ಟಾಟನ್‌ಹ್ಯಾಮ್ ಬಡಾವಣೆಯ ಒಂದು ಮನೆಯಲ್ಲಿದ್ದ. ಅದುವರೆಗೆ ಆತ ಕೆವಿನ್ ಏಯರ್ಸ್ ಎಂಬ ಗಾಯಕನ ತಂಡದಲ್ಲಿ ಬಾಸ್ ಗಿಟಾರ್ ನುಡಿಸುತ್ತಿದ್ದವನು. ಆ ಗಾಯಕನಿಂದ ಎರವಲು ಪಡೆದ ಬ್ಯಾಂಗ್ ಅಂಡ್ ಓಲುಫ್ಸೆನ್ ಕಂಪೆನಿಯ ರೆಕಾರ್ಡರ್ ಒಂದು ಆತನ ಬಳಿಯಿತ್ತು. ತಲೆಯೊಳಗೆ ಹಲವು ವಾದ್ಯಗಳ ಸಂಗೀತ, ಕೈಯಲ್ಲಿ ಎರಡೇ ಟ್ರ್ಯಾಕುಗಳ ಯಂತ್ರ. ಆತ ಕಂಡುಕೊಂಡ ಉಪಾಯ ಸರಳವಾಗಿತ್ತು: ಅಳಿಸುವ ಹೆಡ್ ಕೆಲಸ ಮಾಡದಂತೆ ಅದಕ್ಕೆ ಅಡ್ಡ ಕಟ್ಟಿದ. ಈಗ ಪಟ್ಟಿಯನ್ನು ಹಿಂದಕ್ಕೆ ಸುತ್ತಿ ಮತ್ತೆ ಮುದ್ರಿಸಿದರೆ ಹಳೆಯದು ಉಳಿದುಕೊಂಡು ಅದರ ಮೇಲೆ ಹೊಸದು ಕೂರುತ್ತಿತ್ತು.

ಆದರೆ ಭೌತಶಾಸ್ತ್ರದಲ್ಲಿ ಯಾವುದೂ ಪುಕ್ಕಟೆ ಸಿಗುವುದಿಲ್ಲ. ಬರೆಯುವ ಹೆಡ್ಡಿಗೆ ಸಂಗೀತದ ಜೊತೆಗೆ, ನಮ್ಮ ಕಿವಿಗೆ ಕೇಳದಷ್ಟು ಹೆಚ್ಚಿನ ಆವರ್ತನದ ಒಂದು ಪರ್ಯಾಯ ವಿದ್ಯುತ್ತನ್ನೂ ಕೊಟ್ಟಿರುತ್ತಾರೆ. ಮುದ್ರಣ ಸ್ವಚ್ಛವಾಗಿ ಬರಲು ಅದು ಬೇಕೇ ಬೇಕು. ಆದರೆ ಅದೇ ವಿದ್ಯುತ್ತು ಮೊದಲಿನ ಬರಹವನ್ನು, ವಿಶೇಷವಾಗಿ ಅದರ ತಾರಸ್ವರಗಳನ್ನು, ಅಷ್ಟಿಷ್ಟು ಅಳಿಸುತ್ತದೆ. ಆದ್ದರಿಂದ ಪ್ರತಿ ಹೊಸ ವಾದ್ಯ ಸೇರಿದಾಗಲೂ ಹಿಂದಿನ ವಾದ್ಯ ಸ್ವಲ್ಪ ಮಸುಕಾಗುತ್ತದೆ. ಇನ್ನೊಂದು ಅಪಾಯವೂ ಉಂಟು. ಐದನೆಯ ವಾದ್ಯ ನುಡಿಸುವಾಗ ಒಂದು ಸ್ವರ ತಪ್ಪಿದರೆ ಹಿಂದಿನ ನಾಲ್ಕೂ ಹಾಳಾಗುತ್ತವೆ. ಬೇರ್ಪಡಿಸುವ ದಾರಿಯೇ ಇಲ್ಲ. ಹಾಲಿಗೆ ನೀರು ಬೆರೆಸಿದ ಮೇಲೆ ನೀರನ್ನು ಹಿಂದೆ ತೆಗೆಯಲು ಬಂದೀತೇ?

ಹೀಗೆ ತಯಾರಾದ ಮಾದರಿ ಟೇಪನ್ನು ಹಿಡಿದು ಆತ ಹಲವು ಕಂಪೆನಿಗಳ ಬಾಗಿಲು ತಟ್ಟಿದ. ಹಾಡಿಲ್ಲ, ಡ್ರಮ್ ಇಲ್ಲ, ಇದನ್ನು ಯಾರು ಕೊಳ್ಳುತ್ತಾರೆ ಎಂಬುದು ಅವರ ಆಕ್ಷೇಪ. ಎಲ್ಲರೂ ಕೈಚೆಲ್ಲಿದರು.

ಒಂದು ವಾರದ ಗಡುವು

ಆಕ್ಸ್‌ಫರ್ಡ್‌ಶೈರ್‌ನ ಶಿಪ್ಟನ್-ಆನ್-ಚರ್‌ವೆಲ್ ಎಂಬ ಹಳ್ಳಿಯಲ್ಲಿ ಹಳೆಯ ಕಾಲದ ಒಂದು ದೊಡ್ಡ ಮನೆ ಇತ್ತು. ರಿಚರ್ಡ್ ಬ್ರಾನ್ಸನ್ ಎಂಬ ತರುಣ ವ್ಯಾಪಾರಿ ಅದನ್ನು ಕೊಂಡು, 'ದಿ ಮ್ಯಾನರ್' ಎಂಬ ಧ್ವನಿಮುದ್ರಣ ಕೇಂದ್ರವನ್ನಾಗಿ ಮಾಡಿದ್ದ. ಬೇರೊಂದು ತಂಡದ ಜೊತೆ ಬಾಸ್ ವಾದಕನಾಗಿ ಅಲ್ಲಿಗೆ ಹೋಗಿದ್ದ ಓಲ್ಡ್‌ಫೀಲ್ಡ್ ತನ್ನ ಟೇಪನ್ನು ಅಲ್ಲಿನ ತಂತ್ರಜ್ಞರಾದ ಟಾಮ್ ನ್ಯೂಮನ್ ಮತ್ತು ಸೈಮನ್ ಹೇವರ್ತ್ ಅವರಿಗೆ ಕೇಳಿಸಿದ. ಅವರಿಗೆ ಅದು ಹಿಡಿಸಿತು. ಕಾಲಾನಂತರ ಬ್ರಾನ್ಸನ್ ತನ್ನದೇ ಧ್ವನಿಮುದ್ರಿಕೆ ಕಂಪೆನಿ ಆರಂಭಿಸುವಾಗ ಈ ತರುಣನಿಗೆ 1972ರ ನವೆಂಬರಿನಲ್ಲಿ ಒಂದು ವಾರದ ಅವಕಾಶ ಕೊಟ್ಟ.

ಒಂದೇ ವಾರ! ಇಲ್ಲಿ ಪಣಕ್ಕಿದ್ದುದೇನು ಎಂಬುದನ್ನು ಗಮನಿಸಿ. ತಿರಸ್ಕೃತವಾದ ಟೇಪು, ಮೊದಲ ಅವಕಾಶ, ಜೊತೆಗೆ ಮಾನಸಿಕ ತಳಮಳ. ಆ ವಯಸ್ಸಿನಲ್ಲಿ ತನ್ನನ್ನು ಕಾಡುತ್ತಿದ್ದ ತೀವ್ರ ಭೀತಿಯ ಬಗ್ಗೆ ಓಲ್ಡ್‌ಫೀಲ್ಡ್ ಆನಂತರ ಮುಕ್ತವಾಗಿಯೇ ಹೇಳಿಕೊಂಡಿದ್ದಾನೆ. ತಂಡದಲ್ಲಿ ನುಡಿಸುವವನಿಗೆ ಜೊತೆಗಾರರ ಆಸರೆ ಇರುತ್ತದೆ. ಒಬ್ಬನೇ ನುಡಿಸುವವನಿಗೆ ಆಸರೆ ತಾನು ನಿನ್ನೆ ನುಡಿಸಿದ್ದು ಮಾತ್ರ. ನಿನ್ನೆಯದು ತಪ್ಪಿದ್ದರೆ ಇಂದಿನದೂ ತಪ್ಪುತ್ತದೆ.

ಆ ವಾರದಲ್ಲಿ ಮೊದಲ ಬದಿಯ ಕೆಲಸ ನಡೆಯಿತು. ಎರಡನೆಯ ಬದಿ ಸಿದ್ಧವಾದದ್ದು 1973ರ ವಸಂತದವರೆಗೆ, ಬೇರೆ ಕಲಾವಿದರು ಇಲ್ಲದೆ ಸ್ಟುಡಿಯೋ ಖಾಲಿ ಇದ್ದಾಗಲೆಲ್ಲ ಒಂದಿಷ್ಟು, ಒಂದಿಷ್ಟು ಸೇರಿ.

ಹದಿನಾರು ಓಣಿಗಳ ರಸ್ತೆ

ಮ್ಯಾನರ್‌ನಲ್ಲಿದ್ದುದು ಆಂಪೆಕ್ಸ್ ಕಂಪೆನಿಯ 16 ಟ್ರ್ಯಾಕುಗಳ ಯಂತ್ರ. ಅದರ ಪಟ್ಟಿಯ ಅಗಲ 2 ಇಂಚು. ಅಷ್ಟು ಅಗಲದ ಪಟ್ಟಿಯ ಮೇಲೆ ಅಕ್ಕಪಕ್ಕದಲ್ಲಿ 16 ಪ್ರತ್ಯೇಕ ಓಣಿಗಳನ್ನು ಕಲ್ಪಿಸಿಕೊಳ್ಳಿ. ಒಂದನೆಯ ಓಣಿಯಲ್ಲಿ ಪಿಯಾನೋ, ಎರಡನೆಯದರಲ್ಲಿ ಬಾಸ್, ಹೀಗೆ. ಒಂದು ಓಣಿಯಲ್ಲಿ ತಪ್ಪಾದರೆ ಅದನ್ನಷ್ಟೇ ಅಳಿಸಿ ಮತ್ತೆ ಬರೆಯಬಹುದು. ಉಳಿದ ಹದಿನೈದಕ್ಕೆ ಧಕ್ಕೆಯಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಹೊಸ ವಾದ್ಯ ನುಡಿಸುವವನು ಹಳೆಯದನ್ನು ಹೆಡ್‌ಫೋನಿನಲ್ಲಿ ಕೇಳುತ್ತಿರಬೇಕು. ಆದರೆ ಓದುವ ಹೆಡ್ ಇರುವುದು ಬರೆಯುವ ಹೆಡ್ಡಿನಿಂದ ಸ್ವಲ್ಪ ದೂರದಲ್ಲಿ. ಆ ಅಂತರ ಒಂದೂವರೆ ಇಂಚು, ಪಟ್ಟಿಯ ವೇಗ ಸೆಕೆಂಡಿಗೆ 15 ಇಂಚು ಎಂದಿಟ್ಟುಕೊಳ್ಳಿ. ಆಗ ಕೇಳುವುದಕ್ಕೂ ಬರೆಯುವುದಕ್ಕೂ ಸೆಕೆಂಡಿನ ಹತ್ತನೆಯ ಒಂದು ಭಾಗ ವ್ಯತ್ಯಾಸ. ತಾಳ ಬಲ್ಲವರಿಗೆ ಇದು ಎಷ್ಟು ದೊಡ್ಡ ಅಂತರವೆಂದು ಗೊತ್ತು. ಇದಕ್ಕೆ ಪರಿಹಾರವೆಂದರೆ, ಹಳೆಯ ಟ್ರ್ಯಾಕುಗಳನ್ನು ಕೇಳಿಸುವಾಗ ಬರೆಯುವ ಹೆಡ್ಡನ್ನೇ ಓದುವುದಕ್ಕೂ ಬಳಸುವುದು. ಆಗ ಎರಡೂ ಒಂದೇ ಬಿಂದುವಿನಲ್ಲಿ ನಡೆಯುತ್ತವೆ. ಈ ಸೌಲಭ್ಯವಿದ್ದ 8 ಟ್ರ್ಯಾಕುಗಳ ಯಂತ್ರವನ್ನು ಆಂಪೆಕ್ಸ್ ಕಂಪೆನಿಯು 1957ರಲ್ಲಿಯೇ ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್‌ಗೆ ಕೊಟ್ಟಿತ್ತು. ತನ್ನ ಗಿಟಾರಿನ ಜೊತೆಗೆ ತಾನೇ ಹಲವು ಬಾರಿ ನುಡಿಸುವ ಪ್ರಯೋಗಗಳನ್ನು ಆತ 1940ರ ದಶಕದಿಂದಲೇ ನಡೆಸಿದ್ದ.

ಇಷ್ಟಾದರೂ ಲಯದ ಸಮಸ್ಯೆ ಮುಗಿಯುವುದಿಲ್ಲ. 'ಟ್ಯೂಬ್ಯುಲರ್ ಬೆಲ್ಸ್' ಆರಂಭವಾಗುವುದು ಮತ್ತೆ ಮತ್ತೆ ಸುತ್ತುವ ಒಂದು ಪಿಯಾನೋ ನಡೆಯಿಂದ. ಕಿವಿ 16 ಎಣಿಕೆಗಳನ್ನು ನಿರೀಕ್ಷಿಸುವ ಕಡೆ ಅಲ್ಲಿರುವುದು 15. ಎಲ್ಲೋ ಒಂದು ಹೆಜ್ಜೆ ಕಡಿಮೆಯಾದಂತೆ ಕೇಳುಗನಿಗೆ ಅನ್ನಿಸುತ್ತದೆ. ಆದ್ದರಿಂದಲೇ ಅದು ನೂರು ಬಾರಿ ಬಂದರೂ ಬೇಸರ ತರಿಸುವುದಿಲ್ಲ. ಆದರೆ ಹೀಗೆ ಕುಂಟುವ ನಡೆಯನ್ನು ನಿಮಿಷಗಟ್ಟಲೆ ಸಮವೇಗದಲ್ಲಿ ನುಡಿಸಿ, ಅದರ ಮೇಲೆ ಮತ್ತೊಂದು ವಾದ್ಯವನ್ನು ಕರಾರುವಾಕ್ಕಾಗಿ ಕೂಡಿಸುವುದು ಎಂಥವರಿಗೂ ಕಷ್ಟ. ಕೊನೆಗೆ ಮೆಟ್ರೊನೋಮಿನ 'ಟಿಕ್ ಟಿಕ್' ಸದ್ದಿನ ಆಸರೆ ಪಡೆಯಬೇಕಾಯಿತು. ನಮ್ಮ ಕಚೇರಿಯಲ್ಲಾದರೆ ಗಾಯಕನ ಕಣ್ಣು ಮೃದಂಗದವನತ್ತ ಹೊರಳುತ್ತದೆ, ಇಬ್ಬರೂ ಸೇರಿ ಕಾಲಪ್ರಮಾಣವನ್ನು ಹಿಡಿದಿಟ್ಟುಕೊಳ್ಳುತ್ತಾರೆ. ಇಲ್ಲಿ ಕಣ್ಣು ಹೊರಳಿಸಲು ಇನ್ನೊಬ್ಬನಿಲ್ಲ.

ಯಂತ್ರದ ವೇಗವೂ ಒಂದು ವಾದ್ಯ

ಈ ಆಲ್ಬಮ್ಮಿನಲ್ಲಿ 'ಇಮ್ಮಡಿ ವೇಗದ ಗಿಟಾರ್' ಎಂಬ ವಾದ್ಯವಿದೆ. ಯಾವ ಅಂಗಡಿಯಲ್ಲೂ ಅದು ಸಿಗುವುದಿಲ್ಲ. ಮುದ್ರಿಸುವಾಗ ಪಟ್ಟಿಯನ್ನು ಅರ್ಧ ವೇಗದಲ್ಲಿ ಓಡಿಸಿ, ಸಾಮಾನ್ಯ ಗಿಟಾರನ್ನು ನುಡಿಸುತ್ತಾರೆ. ಕೇಳುವಾಗ ಪೂರ್ಣ ವೇಗ. ಸೆಕೆಂಡಿಗೆ 440 ಕಂಪನಗಳಿದ್ದ ಸ್ವರ ಈಗ 880 ಆಗುತ್ತದೆ, ಅಂದರೆ ಸರಿಯಾಗಿ ಒಂದು ಸ್ಥಾಯಿ ಮೇಲೆ. ಬೆರಳುಗಳ ವೇಗವೂ ಎರಡರಷ್ಟಾಗುತ್ತದೆ. ಸ್ವರದ ಜೊತೆಗೆ ಗಿಟಾರಿನ ಮರದ ಒಡಲಿನ ಅನುರಣನವೂ ಮೇಲೇರುವುದರಿಂದ, ವಾದ್ಯವೇ ಕುಗ್ಗಿ ಮ್ಯಾಂಡೊಲಿನ್‌ನಷ್ಟು ಪುಟ್ಟದಾದಂತೆ ಭಾಸವಾಗುತ್ತದೆ.

ಎರಡನೆಯ ಬದಿಯಲ್ಲಿ ಇದರ ತದ್ವಿರುದ್ಧ ಪ್ರಯೋಗವಿದೆ. ಹಾಡಿಲ್ಲವಲ್ಲ ಎಂಬ ಒತ್ತಡ ಬ್ರಾನ್ಸನ್ ಕಡೆಯಿಂದ ಬಂದಾಗ ಓಲ್ಡ್‌ಫೀಲ್ಡ್ ಮೈಕಿನ ಮುಂದೆ ನಿಂತು ಅರ್ಥವಿಲ್ಲದ ಅಬ್ಬರದ ಕೂಗು ಹಾಕಿದ. ಆಗ ಪಟ್ಟಿ ಹೆಚ್ಚಿನ ವೇಗದಲ್ಲಿ ಓಡುತ್ತಿತ್ತು. ಸಾಮಾನ್ಯ ವೇಗದಲ್ಲಿ ಕೇಳಿದಾಗ ಆ ದನಿ ತಗ್ಗಿ, ಗುಹೆಯಲ್ಲಿನ ದೈತ್ಯನ ಗುಡುಗಿನಂತಾಯಿತು. ಗಂಟಲಿನ ಅನುರಣನ ತಗ್ಗಿದರೆ ದೊಡ್ಡ ದೇಹದ ಪ್ರಾಣಿ ಎಂದು ನಮ್ಮ ಮಿದುಳು ಊಹಿಸುತ್ತದೆ. ಆ ಕೂಗಿನ ಬೆಲೆಯಾಗಿ ಎರಡು ವಾರ ಆತನಿಗೆ ಮಾತೇ ಹೊರಡಲಿಲ್ಲವಂತೆ. ಆಲ್ಬಮ್ಮಿನಲ್ಲಿ ಡ್ರಮ್ ಕೇಳಿಸುವುದೂ ಈ ಭಾಗದಲ್ಲಿಯೇ. ಅದನ್ನು ನುಡಿಸಿದವನು ಸ್ಟೀವ್ ಬ್ರಾಟನ್.

ಹದಿನಾರು ಓಣಿಗಳ ಗದ್ದಲ

ಪಟ್ಟಿಯ ಮೇಲೆ ಏನೂ ಇಲ್ಲದಿದ್ದರೂ ಕಣಗಳ ಅಸ್ತವ್ಯಸ್ತತೆಯಿಂದ 'ಸ್ಸ್' ಎಂಬ ಸದ್ದು ಬರುತ್ತದೆ. ಒಂದು ಟ್ರ್ಯಾಕಿನ ಸದ್ದು ಅಲ್ಪವೇ. ಆದರೆ 16 ಟ್ರ್ಯಾಕುಗಳನ್ನು ಒಂದೇ ಮಟ್ಟದಲ್ಲಿ ಕೂಡಿಸಿದಾಗ ಗದ್ದಲದ ಶಕ್ತಿಯೂ 16 ಪಟ್ಟಾಗುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ ಇದು 12ರಷ್ಟು ಹೆಚ್ಚಳ. ಮೆಲುವಾಗಿ ನುಡಿಸಿದ ಒಂದು ಗಿಟಾರ್ ಈ ಗದ್ದಲದಲ್ಲಿ ಮುಳುಗಿಯೇ ಹೋದೀತು.

ಇದಕ್ಕೆ ಮ್ಯಾನರ್‌ನಲ್ಲಿ ಡಾಲ್ಬಿ ಪದ್ಧತಿ ಬಳಸಿದರು. ಮುದ್ರಿಸುವಾಗ ಮೆಲುದನಿಗಳನ್ನು ಬೇಕೆಂದೇ ಏರಿಸಿ ಬರೆಯುವುದು, ಓದುವಾಗ ಅಷ್ಟೇ ಪ್ರಮಾಣದಲ್ಲಿ ಇಳಿಸುವುದು. ಸಂಗೀತ ಮೊದಲಿನ ಮಟ್ಟಕ್ಕೆ ಬರುತ್ತದೆ, ನಡುವೆ ಸೇರಿಕೊಂಡ ಪಟ್ಟಿಯ ಗದ್ದಲ ಮಾತ್ರ ಕೆಳಗಿಳಿಯುತ್ತದೆ. ಇದರ ಜನಕ ರೇ ಡಾಲ್ಬಿ 1963ರಿಂದ 1965ರವರೆಗೆ ಯುನೆಸ್ಕೋ ಸಲಹೆಗಾರನಾಗಿ ನಮ್ಮ ದೇಶದಲ್ಲಿಯೇ ಇದ್ದವನು. ಇಲ್ಲಿಂದ ಹಿಂತಿರುಗಿದ ವರ್ಷವೇ ಲಂಡನ್ನಿನಲ್ಲಿ ತನ್ನ ಪ್ರಯೋಗಾಲಯ ಆರಂಭಿಸಿದ ಎಂಬುದು ನಮಗೆ ಕುತೂಹಲದ ಸಂಗತಿ.

16 ಓಣಿಗಳೂ ತುಂಬಿದ ಮೇಲೆ ಇನ್ನಷ್ಟು ವಾದ್ಯಗಳು ಬೇಕಾದರೆ? ಆಗಿನ ಸ್ಟುಡಿಯೋಗಳಲ್ಲಿ ಎರಡು ದಾರಿಗಳಿದ್ದವು. ಮೂರು ನಾಲ್ಕು ಟ್ರ್ಯಾಕುಗಳನ್ನು ಬೆರೆಸಿ ಒಂದೇ ಟ್ರ್ಯಾಕಿಗೆ ನಕಲು ಮಾಡಿ ಉಳಿದವನ್ನು ಖಾಲಿ ಮಾಡುವುದು ಒಂದು. ಆಗ ಗದ್ದಲ ಹೆಚ್ಚುತ್ತದೆ, ಬೆರೆಸಿದ್ದನ್ನು ಮತ್ತೆ ಬಿಡಿಸಲಾಗುವುದಿಲ್ಲ. ಒಂದು ವಾದ್ಯ ಸುಮ್ಮನಿರುವ ಜಾಗದಲ್ಲಿ ಅದೇ ಓಣಿಯ ಮೇಲೆ ಇನ್ನೊಂದನ್ನು ಬರೆಯುವುದು ಎರಡನೆಯ ದಾರಿ. ಆಗ ಒಂದೇ ಓಣಿಯಲ್ಲಿ ಮೊದಲು ಆರ್ಗನ್, ಆಮೇಲೆ ಗಿಟಾರ್, ಆಮೇಲೆ ಮತ್ತೇನೋ ಬರುತ್ತದೆ. ಜಾಗ ಉಳಿಯುತ್ತದೆ, ಆದರೆ ತಲೆನೋವು ಮಿಶ್ರಣದ ದಿನಕ್ಕೆ ಮುಂದೂಡಲ್ಪಡುತ್ತದೆ.

ಮಿಶ್ರಣವೆಂಬ ಎರಡನೆಯ ಕಚೇರಿ

ಈಗ ಕೊನೆಯ ಘಟ್ಟ. ಕೇಳುಗನ ಮನೆಯಲ್ಲಿರುವುದು ಎರಡೇ ಸ್ಪೀಕರುಗಳು. ಆದ್ದರಿಂದ 16 ಟ್ರ್ಯಾಕುಗಳನ್ನು ಎಡ, ಬಲ ಎಂಬ ಎರಡಕ್ಕೆ ಇಳಿಸಬೇಕು. ಇದೇ ಮಿಶ್ರಣ. ಪ್ರತಿ ಟ್ರ್ಯಾಕಿಗೂ ಒಂದು ಜಾರುಗುಂಡಿ, ಅಂದರೆ ಫೇಡರ್. ಅದನ್ನು ಮೇಲೆ ತಳ್ಳಿದರೆ ವಾದ್ಯ ಹತ್ತಿರ ಬಂದಂತೆ, ಕೆಳಗೆಳೆದರೆ ದೂರ ಸರಿದಂತೆ. ಇನ್ನೊಂದು ಗುಂಡಿ ವಾದ್ಯವನ್ನು ಎಡಕ್ಕೋ ಬಲಕ್ಕೋ ನಡುವಿಗೋ ಕೂರಿಸುತ್ತದೆ.

ಈಗಿನ ಕಂಪ್ಯೂಟರ್ ಈ ಚಲನೆಗಳನ್ನೆಲ್ಲ ನೆನಪಿಟ್ಟುಕೊಂಡು ತಾನೇ ಮಾಡುತ್ತದೆ. 1973ರಲ್ಲಿ ಮ್ಯಾನರ್‌ನಲ್ಲಿ ಆ ನೆನಪು ಮನುಷ್ಯರ ಕೈಯಲ್ಲಿತ್ತು. ಟೇಪ್ ಓಡುತ್ತಿರುವಾಗಲೇ ಓಲ್ಡ್‌ಫೀಲ್ಡ್ ಮತ್ತು ತಂತ್ರಜ್ಞರು ಮಿಶ್ರಣ ಮೇಜಿನ ಮುಂದೆ ನಿಂತು, ಯಾವ ಕ್ಷಣದಲ್ಲಿ ಯಾವ ಗುಂಡಿ ಎಷ್ಟು ಎಂಬುದನ್ನು ನೋಡಿಕೊಂಡು ಕೈಯಾಡಿಸಬೇಕಾಗಿತ್ತು. ಒಂದೇ ಓಣಿಯಲ್ಲಿ ಆರ್ಗನ್ ಮುಗಿದು ಗಿಟಾರ್ ಆರಂಭವಾಗುವ ಮೊದಲು, ಉಸಿರೆಳೆಯುವಷ್ಟರಲ್ಲಿ, ಫೇಡರನ್ನು ಹೊಸ ಮಟ್ಟಕ್ಕೆ ತರಬೇಕು. ಒಬ್ಬರ ಬೆರಳು ಜಾರಿದರೆ ಆ ಭಾಗ ಮತ್ತೆ ಮೊದಲಿನಿಂದ. ಇದೂ ಒಂದು ಕಚೇರಿಯೇ! ವಾದ್ಯಗಳ ಬದಲು ಗುಂಡಿಗಳು, ಅಷ್ಟೇ ವ್ಯತ್ಯಾಸ.

ಮೊದಲ ಬದಿಯ ಅಂತ್ಯವನ್ನು ನೋಡಿ. ಬಾಸ್ ಗಿಟಾರಿನ ಒಂದು ನಡೆ ಸುತ್ತುತ್ತಿರುತ್ತದೆ. ವಿವಿಯನ್ ಸ್ಟ್ಯಾನ್‌ಷಾಲ್ ಎಂಬ ಕಲಾವಿದ ಸೂತ್ರಧಾರನಂತೆ ಒಂದೊಂದೇ ವಾದ್ಯದ ಹೆಸರು ಹೇಳುತ್ತಾನೆ, ಆ ವಾದ್ಯ ಮುಂದೆ ಬರುತ್ತದೆ. ಹೊಸದು ಮುಂದೆ ಬರುವಾಗ ಹಳೆಯವೆಲ್ಲ ತುಸು ಹಿಂದೆ ಸರಿಯಬೇಕು, ಆದರೆ ಮಾಯವಾಗಬಾರದು. ಕೊನೆಗೆ ಕರೆಯುವುದು ಕೊಳವೆ ಗಂಟೆಗಳನ್ನು. ಆ ಗಂಟೆಗಳು ಅಲ್ಲಿಗೆ ಬಂದದ್ದೇ ಆಕಸ್ಮಿಕ. ಜಾನ್ ಕೇಲ್ ಎಂಬ ಸಂಗೀತಗಾರನ ಮುದ್ರಣ ಮುಗಿದು ಸಾಗಿಸುತ್ತಿದ್ದ ವಾದ್ಯಗಳ ನಡುವೆ ಅವು ಓಲ್ಡ್‌ಫೀಲ್ಡ್ ಕಣ್ಣಿಗೆ ಬಿದ್ದವು, ಇಲ್ಲೇ ಬಿಡಿ ಎಂದು ಆತ ಕೇಳಿಕೊಂಡ. ವಾಡಿಕೆಯ ಸುತ್ತಿಗೆಯಿಂದ ಬೇಕಾದ ನಾದ ಹೊರಡದಿದ್ದಾಗ ಭಾರವಾದ ಲೋಹದ ಸುತ್ತಿಗೆಯಿಂದಲೇ ಬಾರಿಸಿದ. ಆಲ್ಬಮ್ಮಿಗೆ ಹೆಸರು ಬಂದದ್ದು ಆ ಏಟುಗಳಿಂದ.

ಮಿಶ್ರಣ ಮುಗಿದರೂ ಒಂದು ಕಟ್ಟಳೆ ಉಳಿದಿತ್ತು. ಮೊದಲ ಬದಿ 25 ನಿಮಿಷಕ್ಕಿಂತ ಉದ್ದ. ತಟ್ಟೆ ನಿಮಿಷಕ್ಕೆ 33⅓ ಸುತ್ತು ಸುತ್ತಿದರೆ 25 ನಿಮಿಷಕ್ಕೆ ಸುಮಾರು 833 ಸುತ್ತುಗಳಾಗುತ್ತವೆ. ಗೆರೆ ಕೊರೆಯಲು ಇರುವ ಜಾಗದ ಅಗಲ ಸುಮಾರು 85 ಮಿಲಿಮೀಟರ್. ಅಂದರೆ ಒಂದು ಸುತ್ತಿಗೆ ಸಿಗುವುದು ಮಿಲಿಮೀಟರಿನ ಹತ್ತನೆಯ ಒಂದು ಭಾಗ ಮಾತ್ರ. ಗಟ್ಟಿಯಾದ ಮಂದ್ರಸ್ವರ ಬಂದರೆ ಗೆರೆ ಅಗಲವಾಗಿ ತೂಗಾಡಿ ಪಕ್ಕದ ಗೆರೆಗೆ ತಗಲುತ್ತದೆ. ಆದ್ದರಿಂದ ಬದಿ ಉದ್ದವಾದಷ್ಟೂ ಒಟ್ಟು ಧ್ವನಿಮಟ್ಟವನ್ನು ತಗ್ಗಿಸಬೇಕು. ಎಷ್ಟು ಗಟ್ಟಿ, ಎಷ್ಟು ಉದ್ದ ಎಂಬುದನ್ನು ಕೊನೆಗೆ ನಿರ್ಧರಿಸುವುದು ರೇಖಾಗಣಿತ!

ಆಮೇಲೆ ಏನಾಯಿತು?

'ಟ್ಯೂಬ್ಯುಲರ್ ಬೆಲ್ಸ್' ವರ್ಜಿನ್ ರೆಕಾರ್ಡ್ಸ್ ಹೊರತಂದ ಮೊದಲ ಆಲ್ಬಮ್. ಬಿಬಿಸಿಯ ಜಾನ್ ಪೀಲ್ ಅದನ್ನು ರೇಡಿಯೋದಲ್ಲಿ ಪೂರ್ತಿಯಾಗಿ ಕೇಳಿಸಿದ. 1973ರ ಜೂನ್ 25ರಂದು ಲಂಡನ್ನಿನ ಕ್ವೀನ್ ಎಲಿಜಬೆತ್ ಹಾಲಿನಲ್ಲಿ ಅದನ್ನು ವೇದಿಕೆಯ ಮೇಲೆ ನುಡಿಸುವಾಗ, ರೋಲಿಂಗ್ ಸ್ಟೋನ್ಸ್ ತಂಡದ ಮಿಕ್ ಟೇಲರ್ ಸೇರಿದಂತೆ ದೊಡ್ಡದೊಂದು ತಂಡವೇ ಬೇಕಾಯಿತು. ಸ್ಟುಡಿಯೋದಲ್ಲಿ ಒಬ್ಬನೇ ಮಾಡಿದ್ದನ್ನು ವೇದಿಕೆಯಲ್ಲಿ ಒಬ್ಬನಿಂದ ಮಾಡಲಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೇ? ಅದೇ ವರ್ಷದ ಡಿಸೆಂಬರಿನಲ್ಲಿ ಬಂದ 'ದಿ ಎಕ್ಸಾರ್ಸಿಸ್ಟ್' ಚಲನಚಿತ್ರದಲ್ಲಿ ಆರಂಭದ ಪಿಯಾನೋ ನಡೆಯನ್ನು ಬಳಸಿಕೊಂಡರು. 1974ರ ಅಕ್ಟೋಬರಿನಲ್ಲಿ ಆಲ್ಬಮ್ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದು ಆ ಸ್ಥಾನದಿಂದ ಕೆಳಗಿಳಿಸಿದ್ದು ಓಲ್ಡ್‌ಫೀಲ್ಡ್‌ನದೇ ಎರಡನೆಯ ಆಲ್ಬಮ್ಮನ್ನು!

ಇನ್ನೊಂದು ಸಂಗತಿ ವಿಚಾರಯೋಗ್ಯವಾದುದು. ಮೂವತ್ತು ವರ್ಷಗಳ ನಂತರ, 2003ರಲ್ಲಿ, ಓಲ್ಡ್‌ಫೀಲ್ಡ್ ಇಡೀ ಕೃತಿಯನ್ನು ಡಿಜಿಟಲ್ ಸೌಲಭ್ಯಗಳೊಂದಿಗೆ ಮೊದಲಿನಿಂದ ನುಡಿಸಿ ಮುದ್ರಿಸಿದ. ಸ್ಟ್ಯಾನ್‌ಷಾಲ್ 1995ರಲ್ಲಿ ತೀರಿಕೊಂಡಿದ್ದರಿಂದ ಸೂತ್ರಧಾರನಾಗಿ ನಟ ಜಾನ್ ಕ್ಲೀಸ್ ಬಂದ. ಅವಸರದಲ್ಲಿ ಉಳಿದುಹೋಗಿದ್ದ ಅಂದಿನ ಕೊರತೆಗಳನ್ನು ತಿದ್ದಿದ್ದಾಯಿತು. 2009ರಲ್ಲಿ ಹಳೆಯ ಮೂಲ ಟ್ರ್ಯಾಕುಗಳನ್ನೇ ತೆಗೆದು ಹೊಸದಾಗಿ ಮಿಶ್ರಣವನ್ನೂ ಮಾಡಿದ. ವಾದನ ಅದೇ, ಆದರೆ ಯಾವುದು ಮುಂದೆ, ಯಾವುದು ಹಿಂದೆ ಎಂಬ ನಿರ್ಧಾರಗಳು ಬೇರೆ.

ಹಾಗಾದರೆ ಇವುಗಳಲ್ಲಿ 'ನಿಜವಾದ' ಟ್ಯೂಬ್ಯುಲರ್ ಬೆಲ್ಸ್ ಯಾವುದು? ಕಚೇರಿಯ ಮುದ್ರಣವಾದರೆ ಉತ್ತರ ಸುಲಭ: ಅಂದು ಆ ಸಭೆಯಲ್ಲಿ ನಡೆದದ್ದೇ ನಿಜ. ಇಲ್ಲಿ ಅಂಥ ಒಂದು ಸಂಜೆ ಎಂದೂ ಇರಲಿಲ್ಲ. ಪಿಯಾನೋ ಒಂದು ದಿನ, ಗಿಟಾರ್ ಇನ್ನೊಂದು ದಿನ, ಅವು ಪರಸ್ಪರ ಭೇಟಿಯಾದದ್ದು ಮಿಶ್ರಣದ ಮೇಜಿನ ಮೇಲೆ. ಆದ್ದರಿಂದ ಇಂಥ ಕೃತಿಯಲ್ಲಿ ಸಂಗೀತಗಾರನ ಕೆಲಸ ನುಡಿಸುವುದರೊಂದಿಗೆ ಮುಗಿಯುವುದಿಲ್ಲ. ಯಾವುದನ್ನು ಉಳಿಸಬೇಕು, ಯಾವುದನ್ನು ತಗ್ಗಿಸಬೇಕು ಎಂದು ಆರಿಸುವುದೂ ಅವನ ವಾದನದ ಭಾಗವೇ.

ಇಂದು ನಿಮ್ಮ ಮನೆಯ ಮಕ್ಕಳ ಮೊಬೈಲ್ ಫೋನಿನಲ್ಲಿ 16ಕ್ಕಿಂತ ಹೆಚ್ಚು ಟ್ರ್ಯಾಕುಗಳಿರಬಹುದು. ಗದ್ದಲವಿಲ್ಲ, ಪಟ್ಟಿ ಸವೆಯುವುದಿಲ್ಲ, ತಪ್ಪಿದರೆ ಒಂದು ಒತ್ತಿನಿಂದ ಹಿಂದಕ್ಕೆ ಹೋಗಬಹುದು. ಅಂಥ ಮಕ್ಕಳು ಸಂಗೀತ ಕಲಿಯುತ್ತಿದ್ದರೆ ಅವರಿಗೆ ಒಂದು ಅಭ್ಯಾಸ ಕೊಡಿ. ನಾಲ್ಕೇ ಟ್ರ್ಯಾಕುಗಳು, ಹಿಂದಕ್ಕೆ ಹೋಗುವಂತಿಲ್ಲ, ಒಂದು ವಾರದಲ್ಲಿ ಮೂರು ನಿಮಿಷದ ರಚನೆ ಮುಗಿಯಬೇಕು. ಶ್ರುತಿಗೊಂದು, ತಾಳಕ್ಕೊಂದು, ರಾಗಕ್ಕೊಂದು ಟ್ರ್ಯಾಕ್ ಹೋದರೆ ಉಳಿಯುವುದು ಒಂದು. ಅದರಲ್ಲಿ ಏನು ಬರಬೇಕೆಂದು ಅವರೇ ಯೋಚಿಸಲಿ.

ನಿಮಗೂ ಒಂದು ಅಭ್ಯಾಸವಿದೆ. ಮುಂದಿನ ಸಲ ಯಾವುದೇ ಧ್ವನಿಮುದ್ರಿಕೆ ಕೇಳುವಾಗ ಹೆಡ್‌ಫೋನ್ ಹಾಕಿಕೊಂಡು, ಮೊದಲ ಸಲ ಒಂದೇ ವಾದ್ಯವನ್ನು ಹಿಂಬಾಲಿಸಿ. ಎರಡನೆಯ ಸಲ ಅದು ಎಡಕ್ಕಿದೆಯೋ ಬಲಕ್ಕಿದೆಯೋ, ಯಾವಾಗ ಮುಂದೆ ಬಂತು, ಯಾವಾಗ ಹಿಂದೆ ಸರಿಯಿತು ಎಂದು ಗಮನಿಸಿ. ಮೂರನೆಯ ಸಲ ಕೇಳುವಾಗ, ಆ ವಾದ್ಯದ ಹಿಂದೆ ಗುಂಡಿಯೊಂದನ್ನು ಮೆಲ್ಲನೆ ಸರಿಸುತ್ತಿರುವ ಬೆರಳೂ ನಿಮಗೆ ಕೇಳಿಸತೊಡಗುತ್ತದೆ.